ಲಂಬಸಿಂಗಿಯ ಮಂಜು, ರಶೀದಿಯ ಬೆನ್ನಿನ ಸಾಲು

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ಗದಗದಿಂದ ರೈಲಿನಲ್ಲಿ ವಿಜಯವಾಡ, ಅಲ್ಲಿಂದ ವಿಶಾಖಪಟ್ಟಣ, ಆಮೇಲೆ ಲಂಬಸಿಂಗಿ, ಹೀಗೊಂದು ಪ್ರವಾಸಕ್ಕೆ ಮುಂಗಡ ಕೊಟ್ಟಿದ್ದೇವೆ. ಕರಪತ್ರದಲ್ಲಿ ‘ದಕ್ಷಿಣ ಭಾರತದಲ್ಲಿ ಹಿಮ ಬೀಳುವ ಊರು’ ಎಂದಿದೆ. ಎಂಟು ವರ್ಷದ ಮಗಳು ಹಿಮದ ಗೊಂಬೆ ಮಾಡುತ್ತೇನೆಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಿಜಕ್ಕೂ ಅಲ್ಲಿ ಹಿಮ ಬೀಳುತ್ತದೆಯೇ? ಇನ್ನೊಂದು ಮಾತು: ರಶೀದಿಯ ಹಿಂಬದಿ ಸಣ್ಣ ಅಕ್ಷರದಲ್ಲಿ ‘ದೋಣಿ ವಿಹಾರ, ಸಮುದ್ರಸ್ನಾನ, ಟೆಂಟ್ ವಾಸ ಎಲ್ಲವೂ ಪ್ರವಾಸಿಗರ ಸ್ವಂತ ಹೊಣೆ’ ಎಂದು ಅಚ್ಚಾಗಿದೆ. ಅಂದರೆ ಏನೇ ಆದರೂ ಅವರನ್ನು ಕೇಳುವ ಹಾಗಿಲ್ಲವೇ?

ಉತ್ತರ: ಮೊದಲು ಮಗಳ ಪ್ರಶ್ನೆಗೇ ಬರುತ್ತೇನೆ, ಅವಳು ಕಾಯುತ್ತಿದ್ದಾಳೆ. ಲಂಬಸಿಂಗಿಯಲ್ಲಿ ಹಿಮ ಬೀಳುವುದಿಲ್ಲ. ಗೊಂಬೆ ಮಾಡುವಷ್ಟಿರಲಿ, ಅಂಗೈಯಲ್ಲಿ ಹಿಡಿಯುವಷ್ಟೂ ಬೀಳುವುದಿಲ್ಲ. ಹೇಳುವಾಗ ನನಗೂ ಸಂಕಟವೇ. ಆದರೆ ಮಗುವನ್ನು ಅಷ್ಟು ದೂರ ರೈಲು ಬಸ್ಸುಗಳಲ್ಲಿ ಕರೆದೊಯ್ದು, ನಸುಕಿನಲ್ಲಿ ಎಬ್ಬಿಸಿ, ನಡುಗುವ ಚಳಿಯಲ್ಲಿ ಬಯಲಿಗೆ ನಿಲ್ಲಿಸಿ, ಅವಳ ಮುಖ ಸಪ್ಪಗಾಗುವುದನ್ನು ನೋಡುವುದಕ್ಕಿಂತ ಈಗಲೇ ಹೇಳಿಬಿಡುವುದು ಲೇಸು. ಹಾಗೆಂದು ಪ್ರವಾಸ ರದ್ದು ಮಾಡಬೇಡಿ. ಅಲ್ಲಿ ನೋಡಬೇಕಾದದ್ದು ಬೇರೆಯೇ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅಲ್ಲಿ ಬೀಳುವುದಕ್ಕೆ ತೆಲುಗಿನಲ್ಲಿ ‘ಮಂಚು’ ಎನ್ನುತ್ತಾರೆ. ಗೊಂದಲದ ಅರ್ಧ ಬೇರು ಈ ಪದದಲ್ಲಿದೆ. ಎಲೆಯ ಮೇಲಿನ ಇಬ್ಬನಿಯೂ ಮಂಚು, ಬೆಳಗಿನ ಕಾವಳವೂ ಮಂಚು, ಹಿಮಾಲಯದ ಹಿಮವೂ ಮಂಚು. ಬೇರ್ಪಡಿಸಿ ಹೇಳಲೇಬೇಕಾದಾಗ ‘ಪೊಗಮಂಚು’, ಅಂದರೆ ಹೊಗೆಯಂಥ ಮಂಜು ಎನ್ನುವುದುಂಟು. ಕನ್ನಡದಲ್ಲಿ ಇಬ್ಬನಿ ಬೇರೆ, ಮಂಜು ಬೇರೆ, ಹಿಮ ಬೇರೆ. ಆದರೂ ನಾವೂ ಪೂರ್ತಿ ಚೊಕ್ಕವಲ್ಲ. ಮಡಿಕೇರಿಯಲ್ಲಿ ಮುಸುಕುವುದನ್ನೂ ಮಂಜು ಎನ್ನುತ್ತೇವೆ, ಐಸಿಗೆ ಮಂಜುಗಡ್ಡೆ ಎನ್ನುತ್ತೇವೆ. ಲಂಬಸಿಂಗಿಯ ರೈತ ‘ರಾತ್ರಿ ಮಂಚು ಬಿತ್ತು’ ಎಂದರೆ ಅವನು ನೂರಕ್ಕೆ ನೂರು ನಿಜ ಹೇಳುತ್ತಿದ್ದಾನೆ. ಅದೇ ಮಾತು ವಿಶಾಖಪಟ್ಟಣದ ಕಚೇರಿಯೊಂದರಲ್ಲಿ ‘ಸ್ನೋ’ ಆಗಿ, ಅಲ್ಲಿಂದ ನಿಮ್ಮ ಕರಪತ್ರದಲ್ಲಿ ‘ಹಿಮ’ ಆಗುವಷ್ಟರಲ್ಲಿ ಎರಡು ಹೆಜ್ಜೆ ಜಾರಿರುತ್ತದೆ. ಮೊದಲ ಹೆಜ್ಜೆ ಭಾಷೆಯದು ಎಂದು ಮನ್ನಿಸಬಹುದು. ಎರಡನೆಯದು ವ್ಯಾಪಾರದ್ದು.

ನಾನು ಹೋಗಿದ್ದು ಒಂದು ಜನವರಿಯಲ್ಲಿ. ಬೆಳಗಿನ ಐದೂವರೆ, ರಸ್ತೆಬದಿ ಒಲೆಯ ಸುತ್ತ ಜನ ಕೈ ಕಾಯಿಸಿಕೊಳ್ಳುತ್ತಿದ್ದರು. ಚಹಾ ಮಾರುತ್ತಿದ್ದ ಅಮ್ಮನನ್ನು ನನ್ನ ಅರೆಬರೆ ತೆಲುಗಿನಲ್ಲಿ ಕೇಳಿದೆ, ಇವತ್ತು ಬಿದ್ದಿದೆಯೇ ಎಂದು. ಲೋಟ ತೊಳೆಯುತ್ತಲೇ ಆಕೆ ಹೇಳಿದಳು: ‘ಮಂಚು ಉಂದಿ ಬಾಬೂ, ಸ್ನೋ ಲೇದು.’ ಮಂಜಿದೆಯಪ್ಪಾ, ಸ್ನೋ ಇಲ್ಲ. ಆ ಊರಿನಲ್ಲಿ ಹವಾಮಾನದ ಬಗ್ಗೆ ನನಗೆ ಸಿಕ್ಕ ಅತ್ಯಂತ ಖಚಿತ ವರದಿ ಅದು. ಅದನ್ನು ಕೊಟ್ಟಾಕೆಗೆ ಅದರಿಂದ ನಷ್ಟವೇನೂ ಆಗಲಿಲ್ಲ. ನಾನು ಇನ್ನೂ ಎರಡು ಲೋಟ ಚಹಾ ಕುಡಿದೆ.

ಊರಿನ ಬಗ್ಗೆ ಎರಡು ಮಾತು. ಲಂಬಸಿಂಗಿ, ಸ್ಥಳೀಯರ ಬಾಯಲ್ಲಿ ಲಮ್ಮಸಿಂಗಿ, ಪೂರ್ವಘಟ್ಟದ ಚಿಂತಪಲ್ಲಿ ಮಂಡಲದ ಒಂದು ಆದಿವಾಸಿ ಹಳ್ಳಿ. 2022ರ ಏಪ್ರಿಲ್‌ವರೆಗೆ ವಿಶಾಖಪಟ್ಟಣ ಜಿಲ್ಲೆಗೆ ಸೇರಿತ್ತು, ಈಗ ಪಾಡೇರು ಕೇಂದ್ರವಾಗಿರುವ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯಲ್ಲಿದೆ. ಆ ಹೆಸರು ಸುಮ್ಮನೆ ಇಟ್ಟದ್ದಲ್ಲ: 1922ರ ಆಗಸ್ಟ್ 22ರಂದು, ಬ್ರಿಟಿಷರ ವಿರುದ್ಧ ದಂಗೆಯೆದ್ದ ಅಲ್ಲೂರಿ ಮತ್ತು ಅವರ ಜೊತೆಗಾರರು ಬಂದೂಕುಗಳಿಗಾಗಿ ಮೊದಲು ನುಗ್ಗಿದ್ದು ಇದೇ ಚಿಂತಪಲ್ಲಿಯ ಪೊಲೀಸ್ ಠಾಣೆಗೆ. ಹಳ್ಳಿಯ ಎತ್ತರ ಸುಮಾರು 1,000 ಮೀಟರ್. ಅಂದರೆ ನಮ್ಮ ಮಡಿಕೇರಿಗಿಂತ ತಗ್ಗು. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಕಾಫಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕೊಡಗಿನವರಿಗೆ ತಮ್ಮ ತೋಟಕ್ಕೇ ಬಂದಂತಾಗುತ್ತದೆ. ಹಳ್ಳಿಗೆ ‘ಕೊರ್ರ ಬಯಲು’ ಎಂಬ ಇನ್ನೊಂದು ಹೆಸರಿದೆ. ರಾತ್ರಿ ಬಯಲಿನಲ್ಲಿ ಉಳಿದವನು ಬೆಳಗಾಗುವಷ್ಟರಲ್ಲಿ ಕೊರಡಾಗಿರುತ್ತಾನೆ ಎಂಬ ಅರ್ಥದಲ್ಲಿ ಹಿರಿಯರು ಇಟ್ಟ ಹೆಸರಂತೆ. ಗಮನಿಸಿ, ಆ ಹೆಸರಿನಲ್ಲಿ ಚಳಿ ಇದೆ, ಹಿಮವಿಲ್ಲ.

ಮಡಿಕೇರಿಗಿಂತ ತಗ್ಗಿನಲ್ಲಿದ್ದೂ ಅಲ್ಲಿ ಅಷ್ಟೊಂದು ಚಳಿ ಏಕೆ? ಕಾರಣ ಆಕಾಶದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಮೋಡವಿರುವುದಿಲ್ಲ, ಮೇಲಿನ ಗಾಳಿ ಒಣಗಿರುತ್ತದೆ. ಹಗಲೆಲ್ಲ ಹೀರಿದ ಬಿಸಿಯನ್ನು ನೆಲ ರಾತ್ರಿ ಪೂರ್ತಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಡೆಯುವ ಕಂಬಳಿಯಂತೆ ಮೋಡವಿದ್ದರೆ ಆ ಬಿಸಿ ಒಂದಿಷ್ಟು ಹಿಂದಿರುಗುತ್ತಿತ್ತು. ನೆಲ ತಣ್ಣಗಾದಂತೆ ಅದನ್ನು ಮುಟ್ಟಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಕಣಿವೆಯ ಬಟ್ಟಲಿನಲ್ಲಿ ನಿಲ್ಲುತ್ತದೆ. ಲಂಬಸಿಂಗಿಯ ಬಯಲು ಅಂಥ ಬಟ್ಟಲು. ಹಾಗಾಗಿ ಸುತ್ತಲಿನ ಗುಡ್ಡದ ನೆತ್ತಿಗಿಂತ ಬಟ್ಟಲಿನ ತಳವೇ ಹೆಚ್ಚು ತಣ್ಣಗಿರುತ್ತದೆ. ನೆಲದ ಹತ್ತಿರದ ತೇವ ಇಬ್ಬನಿಯಾಗಿ, ಕಾವಳವಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಲವು ರಾತ್ರಿ ಹುಲ್ಲಿನ ತುದಿ ಸೊನ್ನೆ ಡಿಗ್ರಿ ಮುಟ್ಟಿದರೆ ಆ ತೇವ ಹನಿಯಾಗದೆ ನೇರ ಬಿಳಿ ಹರಳಾಗಿ ಹೆಪ್ಪುಗಟ್ಟುತ್ತದೆ. ಊಟಿಯ ಹುಲ್ಲುಗಾವಲುಗಳಲ್ಲಿ ಪ್ರತಿ ಚಳಿಗಾಲ ಕಾಣುವುದೂ ಇದೇ.

ಹಿಮ ಇದಕ್ಕೆ ಪೂರ್ತಿ ಬೇರೆಯ ವ್ಯವಹಾರ. ಅದು ನೆಲದಲ್ಲಿ ಹುಟ್ಟುವುದಿಲ್ಲ, ಮೋಡದಲ್ಲಿ ಹುಟ್ಟಿ ಇಳಿಯುತ್ತದೆ. ಇಳಿಯುವ ದಾರಿಯುದ್ದಕ್ಕೂ ಗಾಳಿ ಕರಗಿಸದಷ್ಟು ತಣ್ಣಗಿರಬೇಕು. ಈ ಅಕ್ಷಾಂಶದಲ್ಲಿ ಚಳಿಗಾಲದಲ್ಲೂ ಗಾಳಿ ಸೊನ್ನೆಗಿಳಿಯುವುದು ನಾಲ್ಕು ಕಿಲೋಮೀಟರಿಗೂ ಮೇಲೆ. ಆಂಧ್ರದ ಪೂರ್ವಘಟ್ಟದ ಅತಿ ಎತ್ತರದ ಶಿಖರವೇ ಸುಮಾರು 1,680 ಮೀಟರ್. ಇನ್ನೂ ಒಂದು ತೊಡಕಿದೆ. ಲಂಬಸಿಂಗಿಗೆ ಆ ಚಳಿ ಬರುವುದು ಆಕಾಶ ಶುಭ್ರವಾಗಿದ್ದರೆ ಮಾತ್ರ, ಹಿಮ ಬೀಳುವುದಕ್ಕೆ ಮೋಡ ಬೇಕು. ಮೋಡ ಕವಿದ ರಾತ್ರಿ ಚಳಿ ತಗ್ಗುತ್ತದೆ. ಒಂದಿದ್ದರೆ ಇನ್ನೊಂದಿಲ್ಲ.

‘ಲಂಬಸಿಂಗಿಯಲ್ಲಿ ಸೊನ್ನೆ ಡಿಗ್ರಿ’ ಎಂಬ ಸುದ್ದಿಯನ್ನೂ ಒಂದಿಷ್ಟು ತಡೆದು ಓದಬೇಕು. ಪತ್ರಿಕೆಗಳು ಈ ಭಾಗದ ಉಷ್ಣತೆಯನ್ನು ಸಾಮಾನ್ಯವಾಗಿ ಚಿಂತಪಲ್ಲಿಯಲ್ಲಿರುವ ಆಚಾರ್ಯ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಿಂದ ಪಡೆಯುತ್ತವೆ. ಹವಾಮಾನದವರ ಉಷ್ಣಮಾಪಕ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯಲ್ಲಿರುತ್ತದೆ. ಹುಲ್ಲಿನ ಮೇಲಿನ ಚಳಿ ಅದಕ್ಕಿಂತ ಕೆಲವು ಡಿಗ್ರಿ ಕಡಿಮೆ ಇರಬಹುದು. ಕಾರಿನಲ್ಲಿ, ಮೊಬೈಲಿನಲ್ಲಿ, ಹೋಮ್‌ಸ್ಟೇಯ ಗೋಡೆಗೆ ನೇತುಹಾಕಿದ ಗಡಿಯಾರದಲ್ಲಿ ಕಾಣುವ ಸಂಖ್ಯೆಗಳಂತೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಎಲ್ಲಿ, ಯಾವುದರಿಂದ, ಯಾರು ಅಳೆದರು ಎಂದು ಹೇಳದ ಸೊನ್ನೆಗೆ ಬೆಲೆ ಕಟ್ಟಬೇಡಿ.

ಹಿಮವನ್ನೇ ಮಾರಿ ಬದುಕುವ ಊರುಗಳಲ್ಲೂ ಈ ಜಾರುವಿಕೆ ಇದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞರಾದ ಜೊನಾಥನ್ ಜಿನ್‌ಮನ್ ಮತ್ತು ಎರಿಕ್ ಜಿಟ್ಜೆವಿಟ್ಜ್ ಸ್ಕೀ ರೆಸಾರ್ಟ್‌ಗಳು ದಿನವೂ ಪ್ರಕಟಿಸುವ ‘ನಿನ್ನೆ ರಾತ್ರಿ ಇಷ್ಟು ಹಿಮ ಬಿತ್ತು’ ಎಂಬ ವರದಿಗಳನ್ನು ವರ್ಷಗಟ್ಟಲೆ ಕಲೆಹಾಕಿ, ಸರ್ಕಾರಿ ಹವಾಮಾನ ಮಾಹಿತಿಯ ಪಕ್ಕದಲ್ಲಿಟ್ಟು ನೋಡಿದರು. ರೆಸಾರ್ಟ್‌ಗಳ ಲೆಕ್ಕದಲ್ಲಿ ವಾರದ ದಿನಗಳಿಗಿಂತ ವಾರಾಂತ್ಯದಲ್ಲಿ ಹೆಚ್ಚು ಹಿಮ ಬೀಳುತ್ತಿತ್ತು. ಮೋಡಕ್ಕೆ ಶನಿವಾರ ಯಾವುದು, ಮಂಗಳವಾರ ಯಾವುದು? ವ್ಯತ್ಯಾಸ ಗೊತ್ತಿದ್ದುದು ಟಿಕೆಟ್ ಮಾರುವವರಿಗೆ. ಉತ್ಪ್ರೇಕ್ಷೆಯಿಂದ ಲಾಭ ಹೆಚ್ಚಿದ್ದ ರೆಸಾರ್ಟ್‌ಗಳಲ್ಲಿ ಉತ್ಪ್ರೇಕ್ಷೆಯೂ ಹೆಚ್ಚಿತ್ತು. ಅಧ್ಯಯನದ ಕೊನೆಯ ಹೊತ್ತಿಗೆ ಒಂದು ಮೊಬೈಲ್ ಆ್ಯಪ್ ಬಂತು. ಬೆಟ್ಟದ ಮೇಲೆ ನಿಂತವರೇ ಆ ಕ್ಷಣದಲ್ಲಿ ಹಿಮ ಎಷ್ಟಿದೆಯೆಂದು ಬರೆಯುವ ಅನುಕೂಲ. ಉತ್ಪ್ರೇಕ್ಷೆ ತಟ್ಟನೆ ಇಳಿಯಿತು, ಮೊಬೈಲ್ ಸಿಗ್ನಲ್ ಚೆನ್ನಾಗಿ ಸಿಗುವ ಬೆಟ್ಟಗಳಲ್ಲಿ ಇನ್ನೂ ಹೆಚ್ಚು ಇಳಿಯಿತು. 2016ರಲ್ಲಿ ಅಚ್ಚಾದ ಈ ಅಧ್ಯಯನ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ, ಏಕೆಂದರೆ ಚಹಾದ ಅಮ್ಮ ಮಾಡಿದ್ದೂ ಆ ಆ್ಯಪ್ ಮಾಡಿದ ಕೆಲಸವನ್ನೇ.

ನಮ್ಮ ದೇಶದಲ್ಲಿ ನಿಜವಾಗಿ ಸ್ಕೀ ಮಾಡಬೇಕೆಂದರೆ ಗುಲ್ಮಾರ್ಗ್ ಅಥವಾ ಔಲಿಗೆ ಹೋಗಬೇಕು. ಅಲ್ಲಿಯೂ ಹಿಮಕ್ಕೆ ಖಾತರಿಯಿಲ್ಲ. 2024ರ ಜನವರಿಯಲ್ಲಿ, ಕಾಶ್ಮೀರಿಗಳು ಚಿಲ್ಲೈ ಕಲಾನ್ ಎಂದು ಕರೆಯುವ ಕಡುಚಳಿಯ ನಲವತ್ತು ದಿನಗಳ ನಡುವೆಯೇ, ಗುಲ್ಮಾರ್ಗ್‌ನ ಇಳಿಜಾರುಗಳಲ್ಲಿ ಕಂದು ಹುಲ್ಲು ಕಾಣುತ್ತಿತ್ತು. 2025ರಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮ ಸಾಲದೆ ಫೆಬ್ರವರಿಯಿಂದ ಮಾರ್ಚಿಗೆ ಮುಂದೂಡಿದರು. ‘ಹಿಮವಿಲ್ಲ, ಬರಬೇಡಿ’ ಎಂದು ಹೇಳಲು ಎಷ್ಟು ಗಟ್ಟಿ ಎದೆ ಬೇಕೆಂಬುದು ಕೋಣೆ ಬಾಡಿಗೆಯಿಂದಲೇ ವರ್ಷದ ಅನ್ನ ಕಾಣುವವರಿಗೆ ಗೊತ್ತು. ಹಾಗೆ ಹೇಳಿದವರನ್ನು ನಾನು ಗೌರವಿಸುತ್ತೇನೆ.

ಇನ್ನು ರಶೀದಿಯ ಬೆನ್ನಿನ ಸಾಲು. ಇದು ನಿಮಗೆ ಎರಡನೆಯ ಪ್ರಶ್ನೆಯಾಗಿ ಕಂಡಿದೆ. ನನಗೆ ಮೊದಲನೆಯದರದ್ದೇ ಬಾಲದಂತೆ ಕಾಣುತ್ತದೆ. ನನ್ನ ಅಪಾಯಕ್ಕೆ ನಾನೇ ಹೊಣೆ ಎಂದು ಯಾರಾದರೂ ನನ್ನಿಂದ ಸಹಿ ಮಾಡಿಸಿಕೊಳ್ಳುವುದಾದರೆ, ಆ ಅಪಾಯ ಎಷ್ಟು ದೊಡ್ಡದೆಂದು ಮೊದಲು ಅವರು ನನಗೆ ನಿಜ ಹೇಳಿರಬೇಕು. ಕರಪತ್ರದ ಮುಖಪುಟದಲ್ಲಿ ಇಲ್ಲದ ಹಿಮವನ್ನು ಬೀಳಿಸಿ, ಹಿಂಬದಿಯಲ್ಲಿ ಹೊಣೆಯನ್ನೆಲ್ಲ ನಿಮ್ಮ ತಲೆಗೆ ಕಟ್ಟುವ ಕಾಗದ ಎರಡು ಬದಿಯಲ್ಲೂ ಸೋಲುತ್ತದೆ.

ಸ್ಕೀ ಊರುಗಳು ಈ ವಿಷಯವನ್ನು ದಶಕಗಳಿಂದ ತಿಕ್ಕಿ ತೀಡಿವೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ಸ್ಕೀ ಮಾಡುವವರಿಗೆ ಹತ್ತು ನಿಯಮ ರೂಪಿಸಿತು. ವೇಗ ನಿನ್ನ ಹಿಡಿತದಲ್ಲಿರಲಿ. ಹಿಂದಿನಿಂದ ಬರುವವನು ಮುಂದಿನವನಿಗೆ ಅಪಾಯವಾಗದ ದಾರಿ ಹಿಡಿಯಲಿ. ಫಲಕಗಳನ್ನು ಪಾಲಿಸು. ಅಪಘಾತ ಕಂಡರೆ ನಿಂತು ನೆರವಾಗು, ನಿನ್ನ ಹೆಸರು ವಿಳಾಸ ಹೇಳು. ಇದು ಸ್ಕೀ ಮಾಡುವವನ ಪಾಲು. ಅಮೆರಿಕದ ಕೊಲೊರಾಡೊ ರಾಜ್ಯದ 1979ರ ಸ್ಕೀ ಸುರಕ್ಷತಾ ಕಾಯಿದೆ, ಬದಲಾಗುವ ಹವೆ, ಬದಲಾಗುವ ಹಿಮ, ಮರ, ಬಂಡೆ ಇವೆಲ್ಲ ಆಟಕ್ಕೇ ಅಂಟಿಕೊಂಡ ಅಪಾಯಗಳು, ಅವಕ್ಕೆ ರೆಸಾರ್ಟನ್ನು ದೂರುವಂತಿಲ್ಲ ಎನ್ನುತ್ತದೆ. ಅದೇ ಕಾಯಿದೆ ದಾರಿಗಳಿಗೆ ಕಷ್ಟದ ಮಟ್ಟ ತೋರಿಸುವ ಫಲಕ ಹಾಕುವುದನ್ನು, ಮುಚ್ಚಿದ ದಾರಿಗೆ ಮುಚ್ಚಿದೆ ಎಂದು ಬರೆಯುವುದನ್ನು ರೆಸಾರ್ಟಿನ ಕರ್ತವ್ಯವಾಗಿಸಿದೆ. 2024ರ ಮೇ ತಿಂಗಳಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಇನ್ನೂ ಒಂದು ಗೆರೆ ಎಳೆಯಿತು: ಕಾನೂನು ಹೊರಿಸಿದ ಸುರಕ್ಷತೆಯ ಕರ್ತವ್ಯವನ್ನು ರೆಸಾರ್ಟ್ ತಪ್ಪಿದ್ದರೆ, ಗ್ರಾಹಕ ಮೊದಲೇ ಸಹಿ ಹಾಕಿದ ಹೊಣೆಮುಕ್ತಿ ಪತ್ರ ಆ ತಪ್ಪನ್ನು ಮುಚ್ಚಲಾರದು. ನಾನು ಈ ಗೆರೆಯನ್ನೇ ಒಪ್ಪುತ್ತೇನೆ. ಬೆಟ್ಟದ ಸ್ವಭಾವ ನನ್ನ ಹೊಣೆ, ಬೆಟ್ಟದ ಬಗ್ಗೆ ಮುಚ್ಚಿಟ್ಟದ್ದು ಅವರ ಹೊಣೆ.

ಈಗ ನಿಮ್ಮ ದಾರಿಯಲ್ಲಿ ಮೊದಲು ಬರುವ ವಿಜಯವಾಡಕ್ಕೆ ಬನ್ನಿ. ಪ್ರಕಾಶಂ ಬ್ಯಾರೇಜಿನ ಹಿನ್ನೀರಿನಲ್ಲಿ ಕೃಷ್ಣೆ ಕೆರೆಯ ಹಾಗೆ ನಿಂತಿರುತ್ತಾಳೆ. ಭವಾನಿ ದ್ವೀಪಕ್ಕೆ ದೋಣಿ ಹತ್ತಿದವರಿಗೆ ಹೆದರಿಕೆಯೇ ಆಗುವುದಿಲ್ಲ. ಸ್ವಲ್ಪ ಮೇಲೆ, ಇಬ್ರಾಹಿಂಪಟ್ಟಣಂ ಹತ್ತಿರ, ಕಾಲುವೆಯಲ್ಲಿ ಬಂದ ಗೋದಾವರಿ ನೀರು ಕೃಷ್ಣೆಯನ್ನು ಸೇರುವ ಜಾಗವಿದೆ. ಅದಕ್ಕೆ ಪವಿತ್ರ ಸಂಗಮ ಎಂದು ಹೆಸರು. 2017ರ ನವೆಂಬರ್ 12, ಕಾರ್ತಿಕ ಮಾಸದ ಭಾನುವಾರದ ಸಂಜೆ, ಅಲ್ಲಿನ ಆರತಿ ನೋಡಲು ಹೊರಟಿದ್ದ ದೋಣಿಯೊಂದು ದಡ ಹತ್ತಿರವಿರುವಾಗಲೇ ಮಗುಚಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಒಂಗೋಲಿನಿಂದ ಒಟ್ಟಾಗಿ ಬಂದಿದ್ದವರು. ದೋಣಿಗೆ ಪ್ರವಾಸಿಗರನ್ನು ಒಯ್ಯುವ ಅನುಮತಿಯೇ ಇರಲಿಲ್ಲ, ಮಿತಿಗಿಂತ ಹೆಚ್ಚು ಜನ ತುಂಬಿದ್ದರು, ಬಹುಪಾಲು ಜನರಿಗೆ ಲೈಫ್ ಜಾಕೆಟ್ ಸಿಕ್ಕಿರಲಿಲ್ಲ. ಇದರಲ್ಲಿ ಹತ್ತಿದವರ ‘ಸ್ವಂತ ಹೊಣೆ’ ಎಷ್ಟು? ಪರವಾನಗಿ ಇಲ್ಲವೆಂದು ದೋಣಿಯ ಮೈಮೇಲೆ ಬರೆದಿರುವುದಿಲ್ಲ. ಪೂಜೆಗೆ ಹೊರಟ ಅಜ್ಜಿ ಅದನ್ನು ಹೇಗೆ ಕಂಡುಹಿಡಿಯಬೇಕು?

ಎರಡು ವರ್ಷ ಕಳೆಯುವುದರೊಳಗೆ, 2019ರ ಸೆಪ್ಟೆಂಬರ್ 15ರಂದು, ಪಾಪಿಕೊಂಡಲು ಬೆಟ್ಟಗಳನ್ನು ನೋಡಲು ಹೊರಟ ದೊಡ್ಡ ದೋಣಿಯೊಂದು ಕಚ್ಚುಲೂರು ಬಳಿ ಗೋದಾವರಿಯಲ್ಲಿ ಮುಳುಗಿತು. ನದಿ ಪ್ರವಾಹದಲ್ಲಿದ್ದ ದಿನ ಅದು. ಸತ್ತವರ ಸಂಖ್ಯೆ ಐವತ್ತರ ಆಸುಪಾಸು. ಅದೇ ವರ್ಷದ ಜನವರಿ 21ರಂದು ನಮ್ಮ ಕಾರವಾರದಲ್ಲಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ಹೋದರು. ನೀರಿನ ಮೇಲೆ ತಪ್ಪು ಲೆಕ್ಕಕ್ಕೆ ಗಡಿಯೇನೂ ಇಲ್ಲ.

ವಿಶಾಖಪಟ್ಟಣದ ಸಮುದ್ರ ನೋಡದೆ ನೀವು ಮುಂದೆ ಹೋಗುವುದಿಲ್ಲ, ಹೋಗಲೂಬೇಡಿ. ರಾಮಕೃಷ್ಣ ಬೀಚಿನ ಮರಳಿನಲ್ಲಿ ಕೂತು ಡಾಲ್ಫಿನ್ಸ್ ನೋಸ್ ಗುಡ್ಡದ ಮೇಲೆ ಬೆಳಕು ಹರಿಯುವುದನ್ನು ನೋಡುವ ಸುಖವೇ ಬೇರೆ. ಆದರೆ ಆ ಕರಾವಳಿಯ ನೀರಿನಲ್ಲಿ ಸೆಳೆತ ಬಲವಾಗಿದೆ. ದಡಕ್ಕೆ ಬಡಿದ ಅಲೆಯ ನೀರು ಹಿಂದಿರುಗಬೇಕಲ್ಲ, ಅದು ಎಲ್ಲೆಡೆಯೂ ಸಮನಾಗಿ ಮರಳುವುದಿಲ್ಲ. ಆಳ ಸಿಕ್ಕ ಕಡೆ ಒಂದು ಕಿರಿದಾದ ಓಣಿಯಾಗಿ, ವೇಗವಾಗಿ ಒಳಕ್ಕೆ ಹರಿಯುತ್ತದೆ. ಆ ಓಣಿಯ ಮೇಲೆ ಅಲೆಗಳು ಒಡೆಯುವುದು ಕಡಿಮೆ. ಆದ್ದರಿಂದ ಎಡಬಲದಲ್ಲಿ ನೊರೆ ಕುದಿಯುತ್ತಿರುವಾಗ ನಡುವಿನ ಆ ಪಟ್ಟಿ ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಆಡಿಸಲು ಜನ ಆರಿಸುವುದೂ ಅದನ್ನೇ. ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಿ ಸೋಲಬಾರದು, ದಡಕ್ಕೆ ಸಮಾನಾಂತರವಾಗಿ ಈಜಿ ಓಣಿಯಿಂದ ಹೊರಬರಬೇಕು. ಇದನ್ನು ಓದಿ ತಿಳಿದುಕೊಂಡೆವು ಎಂದು ನೀರಿಗೆ ಇಳಿಯಬೇಡಿ. ಈಜು ಬಾರದವರು ಮೊಣಕಾಲಿನಾಚೆ ಹೋಗಕೂಡದು. ಕೆಂಪು ಹಳದಿ ಬಾವುಟಗಳ ನಡುವೆ ಜೀವರಕ್ಷಕರ ಕಣ್ಣಿರುತ್ತದೆ. ಒಂಟಿ ಕೆಂಪು ಬಾವುಟ ಕಂಡರೆ ಅಪಾಯ ಹೆಚ್ಚು, ಎರಡು ಕೆಂಪು ಬಾವುಟ ಕಂಡರೆ ನೀರು ಮುಚ್ಚಿದೆ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಸಮುದ್ರದ ಪಾಲಾದರು. ಆ ಮಕ್ಕಳಿಗೆ ಯಾವ ರಶೀದಿಯ ಹಿಂಬದಿಯನ್ನು ಓದಿಸಬೇಕಿತ್ತು? ಬಯಲುಸೀಮೆಯಿಂದ ಬರುವ ನಮ್ಮಂಥವರಿಗೆ ಸಮುದ್ರ ಓದಲು ಬರುವುದಿಲ್ಲ. ಓದಲು ಬರುವವರು ದಡದಲ್ಲಿ ನಿಂತು ಹೇಳಬೇಕು, ತಡೆಯಬೇಕು.

ಋಷಿಕೊಂಡ ಬೀಚಿನ ನೀಲಿ ಬಾವುಟದ ಬಗ್ಗೆಯೂ ಒಂದು ತಿಳಿವಳಿಕೆ ಬೇಕು. 2020ರ ಅಕ್ಟೋಬರ್‌ನಲ್ಲಿ ಭಾರತದ ಎಂಟು ಬೀಚುಗಳಿಗೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಬಂದಾಗ ಋಷಿಕೊಂಡದ ಜೊತೆ ನಮ್ಮ ಪಡುಬಿದ್ರಿ, ಕಾಸರಕೋಡುಗಳೂ ಇದ್ದವು. ನೀರಿನ ಶುಚಿ, ಕಸ ವಿಲೇವಾರಿ, ಶೌಚಾಲಯ, ಜೀವರಕ್ಷಕರ ವ್ಯವಸ್ಥೆ ಇಂಥವನ್ನು ಪರಿಶೀಲಿಸಿ ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ಮಾನ್ಯತೆ ಅದು. ಅಲೆ ಮೆತ್ತಗಿರುತ್ತದೆ ಎಂಬ ಮಾತನ್ನು ಆ ಬಾವುಟ ಕೊಡುವುದಿಲ್ಲ. 2025ರಲ್ಲಿ ನಿರ್ವಹಣೆ ಸರಿಯಿಲ್ಲವೆಂಬ ದೂರಿನ ಮೇಲೆ ಋಷಿಕೊಂಡದ ಬಾವುಟವನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಂಡು, ಸರಿಪಡಿಸಿದ ಮೇಲೆ ಮರಳಿಸಿದರು. ಊರಿಗೆ ಅದು ಮುಖಭಂಗವಾಯಿತು ಎಂದು ಕೆಲವರು ಬೇಸರಪಟ್ಟರು. ನನಗೆ ಆ ಬಾವುಟದ ಮೇಲೆ ನಂಬಿಕೆ ಹುಟ್ಟಿದ್ದೇ ಅದನ್ನು ಇಳಿಸಿದ ದಿನ.

ಇದಕ್ಕೆ ವಿರುದ್ಧವಾದ ಒಂದು ದಿನವೂ ಅದೇ ಕರಾವಳಿಯಲ್ಲಿ ಬಂದಿತ್ತು. 2024ರ ಫೆಬ್ರವರಿ 25ರಂದು ರಾಮಕೃಷ್ಣ ಬೀಚಿನಲ್ಲಿ ತೇಲುವ ಸೇತುವೆ ಉದ್ಘಾಟನೆಯಾಯಿತು. ಮರುದಿನವೇ ಅದರ ತುದಿಯ ಭಾಗ ಬೇರ್ಪಟ್ಟು ಸಮುದ್ರದಲ್ಲಿ ಕಾಣಿಸಿತು. ಪುಣ್ಯಕ್ಕೆ ಅದರ ಮೇಲೆ ಪ್ರವಾಸಿಗರಿರಲಿಲ್ಲ. ಮುರಿದದ್ದಲ್ಲ, ನೀರಿನ ಸೆಳೆತ ಹೆಚ್ಚಿದ್ದರಿಂದ ಪರೀಕ್ಷೆಗೆಂದು ತಾವೇ ಬೇರ್ಪಡಿಸಿದ್ದು ಎಂಬ ವಿವರಣೆ ಅಧಿಕಾರಿಗಳಿಂದ ಬಂತು. ವಿವರಣೆ ಸರಿಯೇ ಇದ್ದಿರಬಹುದು. ಆದರೆ ಪರೀಕ್ಷೆ ಉದ್ಘಾಟನೆಗೆ ಮೊದಲು ಆಗಬೇಕಾದದ್ದು, ಮತ್ತು ಸೆಳೆತ ಹೆಚ್ಚೆಂಬ ಮಾತು ದಡದ ಫಲಕದಲ್ಲಿ ಮೊದಲೇ ಕಾಣಬೇಕಾದದ್ದು. ಮಲ್ಪೆಯಲ್ಲಿ 2022ರ ಮೇ ತಿಂಗಳಲ್ಲಿ ತೆರೆದ ತೇಲುವ ಸೇತುವೆಯೂ ಕೆಲವೇ ದಿನಗಳಲ್ಲಿ ಅಲೆಗೆ ಸಿಕ್ಕಿ ಹಾನಿಗೊಂಡಿತ್ತು. ಸಮುದ್ರ ತನ್ನ ಸ್ಥಿತಿಯನ್ನು ಮುಚ್ಚಿಡುವುದಿಲ್ಲ.

ಕಾನೂನು ಏನು ಹೇಳುತ್ತದೆ? 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ತಾಜ್ ಮಹಲ್ ಹೋಟೆಲಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೋಟೆಲಿನವರ ವಶಕ್ಕೆ ಕೊಟ್ಟ ಕಾರು ಕಳುವಾಗಿತ್ತು. ಚೀಟಿಯಲ್ಲಿ ‘ಮಾಲೀಕರ ಸ್ವಂತ ಹೊಣೆ’ ಎಂದಿತ್ತು. ತನ್ನ ನಿರ್ಲಕ್ಷ್ಯದ ಹೊಣೆಯಿಂದ ಆ ಸಾಲಿನ ಮರೆಯಲ್ಲಿ ಹೋಟೆಲ್ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು ನ್ಯಾಯಾಲಯ. ಅದು ಕಾರಿನ ಮಾತು, ಸರಿ. ಆದರೆ ಜೀವಕ್ಕೆ ಕಾರಿಗಿಂತ ಕಡಿಮೆ ರಕ್ಷಣೆ ಇದ್ದೀತೆಂದು ನನಗನ್ನಿಸುವುದಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತು, ಸೇವೆಯಲ್ಲಿನ ಕೊರತೆ, ಅನ್ಯಾಯದ ಕರಾರು ಮೂರನ್ನೂ ಪ್ರಶ್ನಿಸಲು ಅವಕಾಶ ಕೊಡುತ್ತದೆ. ಸೇವೆಯ ಕೊರತೆಯ ದೂರನ್ನು ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು, ವಿಶಾಖಪಟ್ಟಣಕ್ಕೆ ಅಲೆಯಬೇಕಿಲ್ಲ. ನೀವು ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಕೋರ್ಟಿನ ತನಕ ಹೋಗುವ ಮೊದಲು ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ನಿಮಗೆ ನನ್ನ ಸಲಹೆ: ಜಗಳಕ್ಕೆ ಹೋಗದೆ, ಇವತ್ತೇ ಪ್ರವಾಸ ನಡೆಸುವವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳಿ. ‘ಹಿಮ’ ಎಂದರೆ ಏನು, ಕಳೆದ ವರ್ಷ ಯಾವ ದಿನ ಬಿತ್ತು, ದೋಣಿಗೆ ಪರವಾನಗಿ ಇದೆಯೇ, ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯೇ, ಟೆಂಟಿನಲ್ಲಿ ಕಾಯಿ‌ಸಿಕೊಳ್ಳಲು ಏನು ಕೊಡುತ್ತಾರೆ. ಉತ್ತರ ಬರಹದಲ್ಲಿರಲಿ.

ಆ ಕೊನೆಯ ಪ್ರಶ್ನೆಯನ್ನು ಬಿಡಬೇಡಿ, ಅದು ಹಿಮಕ್ಕಿಂತ ಮುಖ್ಯ. ಲಂಬಸಿಂಗಿಯಂಥ ಜಾಗದಲ್ಲಿ ಪ್ರವಾಸಿಗನಿಗೆ ದೊಡ್ಡ ಅಪಾಯ ಚಳಿಯಿಂದಲ್ಲ, ಚಳಿ ಕಾಯಿಸಲು ಒಳಗೆ ತಂದಿಟ್ಟುಕೊಳ್ಳುವ ಕೆಂಡದಿಂದ. ಮುಚ್ಚಿದ ಟೆಂಟಿನಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಪ್ರವಾಸಿಗರು, ಮಕ್ಕಳೂ ಸೇರಿ, ಗ್ಯಾಸ್ ಹೀಟರ್ ಹಚ್ಚಿ ಮಲಗಿದ ಕೋಣೆಯಲ್ಲೇ ಪ್ರಾಣ ಬಿಟ್ಟರು. ಕೆಂಡ ಹೊರಗೇ ಇರಲಿ. ಒಳಗೆ ಬೆಚ್ಚಗಿರಲು ನಿಮ್ಮ ಕಡೆಯ ಕೌದಿ ಸಾಕು, ಎರಡು ಹೆಚ್ಚಿಗೆ ಕಟ್ಟಿಕೊಳ್ಳಿ.

ನಿಮ್ಮ ಪಾಲಿನ ಹೊಣೆಯೂ ಇದೆ, ಅದನ್ನು ನಾನು ತಗ್ಗಿಸಿ ಹೇಳುವುದಿಲ್ಲ. ಸೂರ್ಯೋದಯ ನೋಡುವ ಆತುರದಲ್ಲಿ ರಾತ್ರಿ ಎರಡಕ್ಕೆ ವಿಶಾಖಪಟ್ಟಣ ಬಿಟ್ಟು ನಿದ್ದೆಗಣ್ಣಿನ ಚಾಲಕನೊಂದಿಗೆ ಕಾವಳದ ಘಾಟಿ ಹತ್ತಬೇಡಿ. ಹಿಂದಿನ ದಿನ ಹಗಲಲ್ಲೇ ತಲುಪಿ ಉಳಿದುಕೊಳ್ಳಿ. ಜೀವರಕ್ಷಕ ಸೀಟಿ ಊದಿದರೆ ಅವನೊಂದಿಗೆ ವಾದಕ್ಕೆ ನಿಲ್ಲಬೇಡಿ. ಲೈಫ್ ಜಾಕೆಟ್ ಇಲ್ಲವೆಂದರೆ ದುಡ್ಡು ಹೋದರೂ ದೋಣಿ ಹತ್ತಬೇಡಿ, ಜೊತೆಯವರು ನಕ್ಕರೂ ಹತ್ತಬೇಡಿ. ಕಾಫಿ ತೋಟಗಳಲ್ಲಿ ನುಗ್ಗಿ ಫೋಟೊ ತೆಗೆಯುವುದು ಬೇಡ, ಅದು ಯಾರದೋ ವರ್ಷದ ಬೆಳೆ.

ಇನ್ನು ಮಗಳಿಗೆ. ಲಂಬಸಿಂಗಿ ಹತ್ತಿರ ಚೆರುವುಲವೇನಂ ಎಂಬ ಗುಡ್ಡವಿದೆ. ಬೆಳಕು ಹರಿಯುವ ಮುನ್ನ ಅಲ್ಲಿಗೆ ಹತ್ತಿದರೆ ಕಣಿವೆಯ ತುಂಬ ಮಂಜು ಹಾಲಿನ ಕೆರೆಯಂತೆ ನಿಂತಿರುತ್ತದೆ, ನೀವು ಅದರ ಮೇಲೆ ನಿಂತಿರುತ್ತೀರಿ. ಬಟ್ಟಲಿನಲ್ಲಿ ಸಿಕ್ಕಿಬಿದ್ದ ಗಾಳಿ ಎಂದೆನಲ್ಲ, ಅದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಮನೆಯಿಂದ ಹೊರಡುವಾಗ ಒಂದು ಸ್ಟೀಲ್ ತಾಟು, ಅಂಗೈಯಗಲದ ಕಪ್ಪು ಬಟ್ಟೆ, ಸಿಕ್ಕರೆ ಒಂದು ಭೂತಗನ್ನಡಿ ಅವಳ ಚೀಲಕ್ಕೆ ಹಾಕಿ. ಲಂಬಸಿಂಗಿಯಲ್ಲಿ ರಾತ್ರಿ ಊಟವಾದ ಮೇಲೆ, ಮರದ ಕೆಳಗಲ್ಲ, ತೆರೆದ ಹುಲ್ಲಿನ ಮೇಲೆ ತಾಟನ್ನೂ ಬಟ್ಟೆಯನ್ನೂ ಅವಳೇ ಇಡಲಿ. ಬೆಳಗ್ಗೆ ಬಿಸಿಲು ಮುಟ್ಟುವ ಮೊದಲೇ ಹೋಗಿ ನೋಡಲಿ. ದುಂಡನೆಯ ಹನಿಗಳಿದ್ದರೆ ಇಬ್ಬನಿ. ಬಿಳಿ ಮುಳ್ಳುಗಳಂಥ ಹರಳುಗಳಿದ್ದರೆ ಹೆಪ್ಪುಗಟ್ಟಿದ ತೇವ, ಅದು ಎಲ್ಲ ರಾತ್ರಿಯೂ ಸಿಗುವುದಲ್ಲ. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡು, ಶಾಲೆಯಲ್ಲಿ ಗೊಂಬೆಯ ಮಾತು ಕೇಳಿದ ಗೆಳತಿಯರಿಗೆ ಅದನ್ನೇ ಓದಿ ಹೇಳಲಿ. ಸಾಧ್ಯವಾದರೆ ನನಗೂ ಒಂದು ಪ್ರತಿ ಕಳುಹಿಸಲಿ. ಮುಂದಿನ ವರ್ಷ ಯಾರಾದರೂ ಇದೇ ಪ್ರಶ್ನೆ ಕೇಳಿದಾಗ ಅವಳ ವರದಿಯನ್ನೇ ಮೊದಲು ಕೊಡುತ್ತೇನೆ.